ಗಂಟೆ ತಪ್ಪಬಾರದು

ಮುದ್ದೆ ತೊಳಸುತ್ತಿದ್ದ ಅಜ್ಜಿಯ ಕೈ ನಮ್ಮೂರ ಚರ್ಚಿನ ಮಧ್ಯಾಹ್ನದ ಗಂಟೆಗೆ ನಿಂತುಬಿಡುತ್ತಿತ್ತು. ಕೋಲು ಪಾತ್ರೆಯಲ್ಲೇ. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಲೆಯ ಮುಂದೆಯೇ ಮೊಣಕಾಲೂರಿ, ತ್ರಿಕಾಲ ಪ್ರಾರ್ಥನೆ ಹೇಳಿ, ಮಾತೆ ಮರಿಯಾಳ ಪ್ರಾರ್ಥನೆಯಾದ ನಮೋ ಮರಿಯಾ ಮೂರು ಸಲ ಮುಗಿಸಿದ ಮೇಲೆಯೇ ಮತ್ತೆ ಕೋಲು ಹಿಡಿಯುವುದು. ಅಷ್ಟರಲ್ಲಿ ಮುದ್ದೆ ಗಂಟುಗಂಟಾಗಿರುತ್ತಿತ್ತು. ತಾತ ಗೊಣಗಿದರೆ, "ಮುದ್ದೆ ಗಂಟಾದರೆ ಆಗಲಿ, ಗಂಟೆ ತಪ್ಪಬಾರದು" ಅನ್ನೋಳು. ಗಂಟೆಯ ಹೊಡೆತ ಮೂರು, ಮೂರು, ಮೂರು, ಆಮೇಲೆ ಒಂಬತ್ತು. ಆ ಲೆಕ್ಕ ನನಗೆ ಮಗ್ಗಿಗಿಂತ ಮೊದಲೇ ಬಂದಿತ್ತು.

ಆ ಗಂಟೆ ಫ್ರಾನ್ಸಿನಿಂದ ಹಡಗಿನಲ್ಲಿ ಬಂದದ್ದು ಅಂತಲೂ ಅಜ್ಜಿ ಹೇಳುತ್ತಿದ್ದಳು. ಇರಬಹುದು. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗುಡಿ ಕಟ್ಟಿ, ನಮ್ಮವರ ಜೊತೆ ರಾಗಿ ಉಂಡು, ಇಲ್ಲೇ ಮಣ್ಣಾದ ಗುರುಗಳಲ್ಲಿ ಎಷ್ಟೋ ಮಂದಿ ಪ್ಯಾರಿಸ್ ಮಿಷನ್ನಿನ ಫ್ರೆಂಚರು. ಅಜ್ಜಿಯ ದೇವರ ಗೂಡಿನಲ್ಲಿ ಮಾತೆಯ ಪಟದ ಪಕ್ಕ ಒಂದು ಸಣ್ಣ ಪಟವಿತ್ತು: ಕಬ್ಬಿಣದ ಅಂಗಿ ತೊಟ್ಟ ಹುಡುಗಿ, ಕೈಯಲ್ಲಿ ಬಾವುಟ, ಕಣ್ಣು ಆಕಾಶಕ್ಕೆ. ಫ್ರಾನ್ಸಿನ ಸಂತಳು ಜೋನ್ ಆಫ್ ಆರ್ಕ್. ಅಜ್ಜಿಗೆ ಅವಳು ಬರೀ ಜೋನಮ್ಮ. ಕುರಿ ಕಾಯುತ್ತಿದ್ದವಳು, ದೇವರ ಮಾತು ಕೇಳಿಸಿಕೊಂಡವಳು, ಸುಟ್ಟರೂ ಯೇಸುವಿನ ಹೆಸರು ಬಿಡದವಳು. ಅಷ್ಟೇ ಕಥೆ.

ಕಳೆದ ಮೇ ತಿಂಗಳಲ್ಲಿ ಮಗಳ ಜೊತೆ, ಅವಳನ್ನು ಸುಟ್ಟ ಜಾಗವಾದ ಫ್ರಾನ್ಸಿನ ರೂವಾನ್ ಪಟ್ಟಣದ ಹಳೆ ಸಂತೆ ಚೌಕದಲ್ಲಿ ನಿಂತಾಗ ನನಗೆ ನೆನಪಾದದ್ದು ಆ ಪಟವಲ್ಲ, ಆ ಗಂಟು ಮುದ್ದೆ.

ಜೋನಮ್ಮನಿಗೂ ಗಂಟೆ ಎಂದರೆ ಪ್ರಾಣ. ಆಕೆ ಸತ್ತು 25 ವರ್ಷವಾದ ಮೇಲೆ ನಡೆದ ಮರುವಿಚಾರಣೆಯಲ್ಲಿ ಅವಳ ಹುಟ್ಟೂರು ದೋಂರೆಮಿಯ ರೈತರು ಸಾಕ್ಷಿ ಹೇಳಿದರು. ಹೊಲದಲ್ಲಿದ್ದಾಗ ಗಂಟೆ ಕೇಳಿದರೆ ಅಲ್ಲೇ ಮೊಣಕಾಲೂರುತ್ತಿದ್ದಳಂತೆ. ರಾತ್ರಿ ಪ್ರಾರ್ಥನೆಯ ಗಂಟೆ ಹೊಡೆಯಲು ಮರೆತ ಗುಡಿಯ ಸೇವಕನನ್ನು ಬೈದು, ಸರಿಯಾಗಿ ಹೊಡೆದರೆ ಉಡುಗೊರೆ ಕೊಡುತ್ತೇನೆ ಎಂದು ಆಸೆ ತೋರಿಸುತ್ತಿದ್ದಳಂತೆ. ಹೇಳಿದವನು ಆ ಸೇವಕನೇ! ಅವಳ ಜೊತೆ ಕಾದಿದ ಸೇನಾನಿ ದ್ಯುನ್ವಾನ ಸಾಕ್ಷಿಯೂ ಇದೆ: ದಂಡಿನ ನಡುವೆ ಇದ್ದಾಗಲೂ ದಿನಾ ಮುಸ್ಸಂಜೆ ಗುಡಿಗೆ ಹೋಗಿ ಅರ್ಧ ಗಂಟೆಯ ಹೊತ್ತು ಗಂಟೆ ಹೊಡೆಸಿ, ದಂಡಿನ ಜೊತೆ ಬಂದ ಸನ್ಯಾಸಿಗಳಿಂದ ಮಾತೆಯ ಗೀತೆ ಹಾಡಿಸುತ್ತಿದ್ದಳು. 1429ರ ಮೇ 8ರಂದು ಇಂಗ್ಲಿಷರು ಹಾಕಿದ್ದ ಓರ್ಲಿಯನ್ಸಿನ ಮುತ್ತಿಗೆ ಬಿಡಿಸಿದವಳು, ಜುಲೈ 17ರಂದು ರೀಮ್ಸ್ ಪ್ರಧಾನಾಲಯದಲ್ಲಿ (ಕೆಥೆಡ್ರಲ್) ಫ್ರಾನ್ಸಿನ ರಾಜನಿಗೆ ಕಿರೀಟ ಇಡಿಸಿದವಳು ಇದೇ ಹುಡುಗಿ. ಓದು ಬಾರದು. ಪರಲೋಕ ಮಂತ್ರ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ಮೂರೂ ಪ್ರಾರ್ಥನೆಗಳನ್ನು ಕಲಿಸಿದ್ದು ತಾಯಿ. ಅವಳ ಓದು ಅಷ್ಟೇ. ಕತ್ತಿಗಿಂತ ಬಾವುಟವೇ ನನಗೆ ನಲವತ್ತು ಪಟ್ಟು ಪ್ರಿಯ, ನಾನು ಯಾರನ್ನೂ ಕೊಂದಿಲ್ಲ ಎಂದಳು, ಸೆರೆ ಸಿಕ್ಕ ಮೇಲೆ ಧರ್ಮಸಭೆಯವರು ನಡೆಸಿದ ವಿಚಾರಣೆಯಲ್ಲಿ. ಆ ಬಾವುಟದ ಮೇಲಿದ್ದ ಹೆಸರು ಯೇಸು, ಮರಿಯಾ.

ಆ ವಿಚಾರಣೆಯಲ್ಲಿ 1431ರ ಫೆಬ್ರವರಿ 24ನೇ ದಿನವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಕಾಲಿಗೆ ಬೇಡಿ, ಸುತ್ತ ಪಂಡಿತರು, ಎದುರಿಗೆ ಒಬ್ಬ ಧರ್ಮಾಧ್ಯಕ್ಷ (ಬಿಷಪ್). ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಕೇಳುತ್ತಾರೆ. ಹೌದೆಂದರೆ ಅಹಂಕಾರ, ಇಲ್ಲವೆಂದರೆ ಪಾಪದ ಒಪ್ಪಿಗೆ. "ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲೇ ಇರಿಸಲಿ" ಎಂದಳು. ಈ ಮಾತು ಎಲ್ಲರಿಗೂ ಗೊತ್ತು. ಅದೇ ದಿನ ಇನ್ನೊಂದು ಮಾತನ್ನೂ ಹೇಳಿದ್ದಳು. ಹಿಂದಿನ ದಿನ ಸೆರೆಮನೆಯಲ್ಲಿ ಆ ದೈವವಾಣಿ ಮೂರು ಸಲ ಕೇಳಿಸಿತಂತೆ: ಬೆಳಗ್ಗೆ ಒಮ್ಮೆ, ಸಂಜೆ ಪ್ರಾರ್ಥನೆಯ ಹೊತ್ತಿಗೆ ಒಮ್ಮೆ, ಕತ್ತಲಾಗುವಾಗ ನಮೋ ಮರಿಯಾ ಗಂಟೆ ಹೊಡೆದಾಗ ಒಮ್ಮೆ.

ಚರ್ಚಿನ ಬಲಿಪೂಜೆಗೆ (ಮಾಸ್) ಬಿಡದಿದ್ದರು. ಗುಡಿಯ ಒಳಕ್ಕೆ ಬಿಡದಿದ್ದರು. ಗಂಟೆಯ ನಾದವನ್ನು ತಡೆಯಲು ಮಾತ್ರ ಅವರಿಂದ ಆಗಲಿಲ್ಲ. ಕಲ್ಲುಗೋಡೆ ದಾಟಿ ಬಂತಲ್ಲ ಅವಳ ಹತ್ತಿರಕ್ಕೆ!

ಸಂತೆ ಚೌಕದಲ್ಲಿ ಈಗ ಅವಳ ಹೆಸರಿನ ಹೊಸ ದೇವಾಲಯವಿದೆ, 1979ರದ್ದು. ಯುದ್ಧದಲ್ಲಿ ಬಾಂಬಿಗೆ ಕುಸಿದ ಬೇರೊಂದು ಗುಡಿಯಿಂದ ಮೊದಲೇ ಬಿಚ್ಚಿ ಉಳಿಸಿಕೊಂಡಿದ್ದ 16ನೇ ಶತಮಾನದ ಬಣ್ಣದ ಗಾಜುಗಳನ್ನು ಅದರ ಗೋಡೆಗೆ ಕೂಡಿಸಿದ್ದಾರೆ. ಚೆಂದವಿದೆ. ನನ್ನ ಕಣ್ಣು ಸೆಳೆದದ್ದು ಹೊರಗೆ ನೆಲದಲ್ಲಿ ಕಾಣುವ ಹಳೇ ಅಡಿಪಾಯದ ಕಲ್ಲುಗಳು. ಪವಿತ್ರ ರಕ್ಷಕರ ಗುಡಿ ಇದ್ದ ಜಾಗ ಅದು. ಮೇ 30ರ ಬೆಳಗ್ಗೆ ಕಂಬಕ್ಕೆ ಕಟ್ಟುವ ಮೊದಲು ಆಕೆ ಶಿಲುಬೆ ಬೇಡಿದಳು. ಒಬ್ಬ ಇಂಗ್ಲಿಷ್ ಸಿಪಾಯಿ, ಹೌದು, ಶತ್ರುಪಡೆಯವನೇ, ಎರಡು ಕಡ್ಡಿ ಸೇರಿಸಿ ಕೊಟ್ಟ. ಅದಕ್ಕೆ ಮುತ್ತಿಟ್ಟು ಎದೆಯೊಳಗೆ ಇಟ್ಟುಕೊಂಡಳು. ಇದೇ ಗುಡಿಯಿಂದ ಮೆರವಣಿಗೆಯ ಶಿಲುಬೆ ತಂದು ಉರಿಯ ಆಚೆಯಿಂದ ಅವಳ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದರು. ಕೊನೆಗೆ ಕೇಳಿಸಿದ್ದು ಯೇಸುವಿನ ಹೆಸರು. ಆಗ ಅವಳಿಗೆ ಸುಮಾರು 19 ವರ್ಷ. ಬೂದಿಯನ್ನು ಸೇನ್ ನದಿಗೆ ಚೆಲ್ಲಿದರು.

ನಮ್ಮ ಧರ್ಮಸಭೆಯವರೇ ತೀರ್ಪು ಕೊಟ್ಟರು ಎಂಬುದು ಇವತ್ತಿಗೂ ಎದೆ ಚುಚ್ಚುತ್ತದೆ. ತಾಯಿ ಇಸಬೆಲ್ ಸುಮ್ಮನಿರಲಿಲ್ಲ. 1455ರ ನವೆಂಬರಿನಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯಕ್ಕೆ ಹೋಗಿ ನ್ಯಾಯ ಬೇಡಿದಳು. ಮುಂದಿನ ಜುಲೈ 7ಕ್ಕೆ ಹಳೆ ತೀರ್ಪು ರದ್ದಾಯಿತು. ಸಂತ ಪದವಿಗೆ 1920ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಾಗಲೇ ಅವಳ ಬಾವುಟಕ್ಕೆ ಎಷ್ಟೆಷ್ಟೋ ಕೈಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಜೊತೆ ಕೈಜೋಡಿಸಿದ ಸರ್ಕಾರವೂ ಅವಳ ಹೆಸರು ಹೇಳಿತು, ಅದರ ವಿರುದ್ಧ ಹೋರಾಡಿದವರೂ ಹೇಳಿದರು. ಈಗಲೂ ರಾಜಕೀಯದವರು ಅವಳ ಪ್ರತಿಮೆಗೆ ಹಾರ ಹಾಕುತ್ತಾರೆ. ಹಾಕಲಿ. ಗಂಟೆ ಕೇಳಿದರೆ ಅವರಲ್ಲಿ ಎಷ್ಟು ಮಂದಿ ಮೊಣಕಾಲೂರುತ್ತಾರೆ?

ಅವರನ್ನು ಕೇಳುವ ಬಾಯಿ ನನಗೂ ಇಲ್ಲ. ನಮ್ಮೂರಲ್ಲಿ ಈಗ ಹಗ್ಗ ಎಳೆಯುವವರಿಲ್ಲದೆ ಸ್ಪೀಕರಿನಲ್ಲಿ ಗಂಟೆ ಹಾಕುತ್ತಾರೆ. ಟೀವಿಯ ಧ್ವನಿ ತಗ್ಗಿಸುವವರೂ ಇಲ್ಲ. ನಾನೇ ಎಷ್ಟು ವರ್ಷ ಮಧ್ಯಾಹ್ನದ ಪ್ರಾರ್ಥನೆಯನ್ನು ಕುಕ್ಕರಿನ ಸೀಟಿಗೆ ಮರೆತಿದ್ದೇನೆ! ಮಕ್ಕಳಿಗೆ ಎಲ್ಲ ಕಲಿಸಿದೆವು, ಒಂದು ನಿಮಿಷ ಕೈಕೆಲಸ ಬಿಟ್ಟು ನಿಲ್ಲುವುದನ್ನು ಕಲಿಸಲಿಲ್ಲ. ಅಜ್ಜಿ ಅದನ್ನು ಬಾಯಲ್ಲಿ ಕಲಿಸಿದವಳಲ್ಲ, ನಿಂತು ತೋರಿಸಿದಳು.

ಅಡಿಪಾಯದ ಕಲ್ಲುಗಳ ಹತ್ತಿರ ನಿಂತಿದ್ದಾಗಲೇ ಎಲ್ಲೋ ಗಂಟೆ ಶುರುವಾಯಿತು. ಆ ಊರಿನ ಪ್ರಧಾನಾಲಯದ ಅತಿ ದೊಡ್ಡ ಗಂಟೆಗೆ ಜೋನಮ್ಮನ ಹೆಸರನ್ನೇ ಇಟ್ಟಿದ್ದಾರೆ. ಹೊಡೆದದ್ದು ಅದೋ ಬೇರೆಯದೋ, ನಾನು ಯಾರನ್ನೂ ಕೇಳಲಿಲ್ಲ. ನಾದ ಅಂಗಾಲಿನಿಂದ ಹತ್ತಿದ ಹಾಗಾಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ಅಲ್ಲೇ ಕಲ್ಲುಹಾಸಿನ ಮೇಲೆ ಮೊಣಕಾಲೂರಿದೆ. ಜನ ನೋಡಿರಬೇಕು. ವರ್ಷಗಳಿಂದ ಜಪಸರ ಮುಟ್ಟದ ಮಗಳು "ಅಮ್ಮ, ಏಳಮ್ಮ" ಅನ್ನುತ್ತಾಳೆಂದುಕೊಂಡೆ. ಅನ್ನಲಿಲ್ಲ. ಹೆಗಲ ಚೀಲ ಕೆಳಗಿಟ್ಟು ಪಕ್ಕದಲ್ಲಿ ಸುಮ್ಮನೆ ನಿಂತಳು. ಮೂರನೇ ನಮೋ ಮರಿಯಾಕ್ಕೆ ಅವಳ ದನಿ ನನ್ನ ದನಿಯೊಳಗೆ ಸೇರಿತು, ಅಜ್ಜಿ ಎಳೆಯುತ್ತಿದ್ದ ಅದೇ ರಾಗದಲ್ಲಿ.