ಮಾಸ್ಕ್ 7776 ಅಂತ ಓದಿದ ಗುರುವಾರ

ನಮ್ಮ ಟೀಮಿನ ಕೆಲಸ ಹಳೇ ಪ್ರೊಸೆಸರ್‌ಗಳಿಗೆ ಡಿಸ್‌ಅಸೆಂಬ್ಲರ್, ಅಂದರೆ ಮೆಮೊರಿಯ ಬರೀ ಅಂಕಿಗಳನ್ನು ಓದಬಲ್ಲ ಆದೇಶಗಳಾಗಿ ಬಿಡಿಸುವ ಪ್ರೋಗ್ರಾಂ, ಬರೆಯುವುದು. ಹೊಸ ಫ್ರೇಮ್‌ವರ್ಕ್ ಟೆಸ್ಟ್ ಮಾಡಲು, ಚಂದ್ರನಿಗೆ ಹೋದ ನೌಕೆಗಳಲ್ಲಿದ್ದ ಅಪೊಲೊ ಗೈಡೆನ್ಸ್ ಕಂಪ್ಯೂಟರ್ ಆರಿಸಿಕೊಂಡಿದ್ದೆವು. ಅಪೊಲೊ 11ರ ಲೂನಾರ್ ಮಾಡ್ಯೂಲ್‌ನಲ್ಲಿದ್ದ ಲ್ಯುಮಿನರಿ 099 ಎಂಬ ಪ್ರೋಗ್ರಾಂನ ಲಿಸ್ಟಿಂಗ್ (ಕೋಡಿನ ಪ್ರಿಂಟೌಟ್) ಸ್ಕ್ಯಾನ್ ಆಗಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಮೆಮೊರಿಯ ಒಂದು ಬ್ಯಾಂಕ್ (ಭಾಗ), 1024 ಪದ (ಒಂದೊಂದು ಪದವೂ ಒಂದು ಸಂಖ್ಯೆ), ನಮ್ಮ ಜೂನಿಯರ್ ಹುಡುಗಿ ಆಕ್ಟಲ್‌ನಲ್ಲಿ (0ಯಿಂದ 7ರವರೆಗಿನ ಅಂಕಿಗಳಲ್ಲಿ) ಟೈಪ್ ಮಾಡಿಕೊಟ್ಟಳು. ಆ ಅಂಕಿಗಳನ್ನು ಆದೇಶಗಳಾಗಿ ಓದುವ ಡಿಕೋಡರ್ ನನ್ನದು. ಡೆಮೊ ಶುಕ್ರವಾರ ಅಂತ ಮ್ಯಾನೇಜರ್ ನಮ್ಮನ್ನು ಒಂದು ಮಾತೂ ಕೇಳದೆ ಕ್ಲೈಂಟಿಗೆ ಹೇಳಿಬಿಟ್ಟಿದ್ದರು.

15 ಬಿಟ್ ಪದ. ಮೇಲಿನ 3 ಬಿಟ್ ಆಪ್‌ಕೋಡ್ (ಯಾವ ಆದೇಶ ಎಂಬುದು), ಉಳಿದ 12 ವಿಳಾಸ. 00006 ಬಂದರೆ 6ನೇ ವಿಳಾಸಕ್ಕೆ ಟಿಸಿ (ಆ ವಿಳಾಸಕ್ಕೆ ಹೋಗು ಎಂಬ ಆದೇಶ) ಅಲ್ಲ, ಅದು ಎಕ್ಸ್‌ಟೆಂಡ್, ಮುಂದಿನ ಪದದ ಅರ್ಥವೇ ಬೇರೆ. ಅದನ್ನೂ ಹಿಡಿದಿದ್ದೆ. ಇನ್ನೇನೂ ಉಳಿದಿಲ್ಲ ಅಂದುಕೊಂಡಿದ್ದೆ.

ಗುರುವಾರ ಸಂಜೆ ರನ್ ಮಾಡಿದರೆ, ಶುರುವಿನ ಸಾಲುಗಳು ಚೆನ್ನಾಗಿ ಬಂದು, ಒಂದು ಟಿಸಿ ಆದಮೇಲೆ ಎಲ್ಲ ಕಲಸುಮೇಲೋಗರ. ಮಾಸ್ಕ್, ಸಿಎಸ್, ಮತ್ತೆ ಮಾಸ್ಕ್, ಹೀಗೆ ಆದೇಶಗಳು. ಒಂದಕ್ಕೊಂದು ಸಂಬಂಧವೇ ಇಲ್ಲ. ಟೈಪಿಂಗ್‌ನಲ್ಲಿ ಸಾಲು ತಪ್ಪಿದೆ ಅಂತ ತೀರ್ಮಾನಿಸಿಬಿಟ್ಟೆ. "ಬ್ಯಾಂಕ್ ಸಮ್ ಟ್ಯಾಲಿ ಆಗಿದೆ ಸರ್" ಅಂದಳು. ಪ್ರತಿ ಬ್ಯಾಂಕಿಗೂ, ತಪ್ಪು ಹಿಡಿಯಲು, ಒಂದು ಚೆಕ್‌ಸಮ್ ಪದ ಸೇರಿಸಿರುತ್ತಾರೆ. ಎಲ್ಲ ಪದ ಕೂಡಿದರೆ ಬ್ಯಾಂಕ್ ನಂಬರ್ ಬರಬೇಕು, ಇಲ್ಲವೇ ಅದರ ಕಾಂಪ್ಲಿಮೆಂಟ್ (0, 1 ಅದಲುಬದಲಾದ ಸಂಖ್ಯೆ). ಟ್ಯಾಲಿ ಆದಮೇಲೆ ಅವಳ ಟೈಪಿಂಗ್ ಬಗ್ಗೆ ಮಾತೇ ಎತ್ತಬಾರದಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. "ಡೇಟಾ ಎಂಟ್ರಿ ತಪ್ಪಾಗಿದೆ, ಮರುಪರಿಶೀಲನೆ ನಡೆಯುತ್ತಿದೆ" ಅಂತ ಮ್ಯಾನೇಜರ್‌ಗೆ ಸಿಸಿ ಹಾಕಿ ಮೇಲ್ ಕಳಿಸಿದೆ. ಅವಳು ಏನೂ ಅನ್ನದೆ ಪ್ರಿಂಟೌಟ್ ಮೇಲೆ ಸ್ಕೇಲ್ ಇಟ್ಟುಕೊಂಡು ಮೊದಲನೇ ಪದದಿಂದ ಮತ್ತೆ ಶುರು ಮಾಡಿದಳು.

ರಾತ್ರಿ ಒಂಬತ್ತರ ಹೊತ್ತಿಗೆ ನನ್ನ ಕಣ್ಣಿಗೆ ಬಿತ್ತು: ಮಾಸ್ಕ್ 7776 ಬಂದ ಕಡೆಯೆಲ್ಲ, ಅದರ ಮುಂದಿನ ಸಾಲಿನಿಂದ ಕೋಡ್ ಮತ್ತೆ ಸರಿಹೋಗುತ್ತಿತ್ತು. ಟೈಪಿಂಗ್ ತಪ್ಪು ಅಷ್ಟು ಶಿಸ್ತಾಗಿ ಇರುವುದಿಲ್ಲ. ಆ ಪದ 77776; ಮೊದಲ 7 ಅನ್ನು ಮಾಸ್ಕ್ ಅಂತ, ಉಳಿದ 7776 ಅನ್ನು ವಿಳಾಸ ಅಂತ ನನ್ನ ಡಿಕೋಡರ್ ಓದಿತ್ತು. ಅದು ಮಾಸ್ಕ್ ಅಲ್ಲವೇ ಅಲ್ಲ, ಎಕ್ಸಿಟ್. ಮೇಲೆ ಕಂಡಿದ್ದ ಟಿಸಿ ಹೋಗುತ್ತಿದ್ದುದು ಇಂಟರ್‌ಪ್ರಿಟರ್‌ಗೆ, ಅಂದರೆ ತನ್ನದೇ ಆದೇಶಗಳನ್ನು ಓದಿ ನಡೆಸುವ ಒಳಗಿನ ಪ್ರೋಗ್ರಾಂಗೆ. ಅಲ್ಲಿಂದ ಎಕ್ಸಿಟ್‌ವರೆಗೆ ಇರುವುದು ಬೇರೆಯೇ ಭಾಷೆ: ವೆಕ್ಟರ್, ಮ್ಯಾಟ್ರಿಕ್ಸ್ ಲೆಕ್ಕಗಳಿಗೆ, ಜಾಗ ಉಳಿಸಲು, ಒಂದೇ ಪದದೊಳಗೆ 7 ಬಿಟ್‌ನ ಎರಡು ಆಪ್‌ಕೋಡ್ ತುಂಬಿ, ಬಿಟ್‌ಗಳನ್ನೆಲ್ಲ ಅದಲುಬದಲು ಮಾಡಿ (0 ಇದ್ದಲ್ಲಿ 1, 1 ಇದ್ದಲ್ಲಿ 0) ಇಟ್ಟಿದ್ದಾರೆ. ಇಡೀ ಯಂತ್ರಕ್ಕೆ ಇದ್ದ ಶಾಶ್ವತ ಮೆಮೊರಿಯೇ 36,864 ಪದ. ಚಂದ್ರನ ಮೇಲೆ ಇಳಿಸುವ ಲೆಕ್ಕವೆಲ್ಲ ಅದರಲ್ಲೇ ಹಿಡಿಸಬೇಕಿತ್ತು. ನಾನು ಕಸ ಅಂದಿದ್ದು ಅವರ ಅತ್ಯಂತ ಜಾಣ ಕೆಲಸವನ್ನು.

ಅವಳ ಡೆಸ್ಕಿಗೆ ಹೋದೆ. ಸ್ಕೇಲ್ ಏಳುನೂರನೇ ಪದ ದಾಟಿತ್ತು. ಹೇಳಿದೆ.

"ಹಾಗಾದರೆ ಟೈಪಿಂಗ್ ಸರಿ ಇತ್ತಲ್ವಾ ಸರ್?"

"ಒಂದಂಕಿಯೂ ತಪ್ಪಿರಲಿಲ್ಲಮ್ಮ."

ಬ್ಯಾಗ್ ತೆಗೆದುಕೊಂಡು ಹೊರಟಳು. ಅದೇ ಸಿಸಿ ಲಿಸ್ಟಿಗೆ, ತಪ್ಪು ನನ್ನ ಡಿಕೋಡರ್‌ದು, ಅವಳದಲ್ಲ ಅಂತ ಇನ್ನೊಂದು ಮೇಲ್ ಬರೆದೆ. ಮೊದಲಿನದಕ್ಕೆ ಎರಡೇ ನಿಮಿಷದಲ್ಲಿ ಉತ್ತರಿಸಿದ್ದ ಮ್ಯಾನೇಜರ್ ಇದಕ್ಕೆ ಇವತ್ತಿನವರೆಗೂ ಉತ್ತರಿಸಿಲ್ಲ.