ಸೆರಗಿನ ಗಂಟು

ರಸ್ತೆ ಬದಿ ಮಲಗಿರುವವರನ್ನು ತಲೆಯ ಕಡೆ ನಿಂತು ಎಬ್ಬಿಸಬಾರದು, ಟಾರ್ಚಿನ ಬೆಳಕನ್ನು ಮುಖಕ್ಕೆ ಬಿಡಬಾರದು, ಕಾಲಿನ ಕಡೆ ನಾಲ್ಕು ಹೆಜ್ಜೆ ದೂರ ನಿಂತು ಮೆಲ್ಲನೆ ಕರೆಯಬೇಕು ಎಂದು ನಾವೆಲ್ಲ ಸಿಸ್ಟರ್ ಎಂದೇ ಕರೆಯುವ ನಿವೃತ್ತ ನರ್ಸ್ ಕಂಬಳಿ ಹಂಚಲು ಹೊರಡುವ ಮುನ್ನವೇ ಹೇಳಿದ್ದರು. ಕಳೆದ ಜನವರಿಯ ಆ ರಾತ್ರಿ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರ ಜಗಲಿಯ ಮುಂದೆ ನಾನು ಅದನ್ನು ಮರೆತೆ. ಬೆಳಕು ಬಿದ್ದ ಕೂಡಲೇ ಆ ವೃದ್ಧರು ಎರಡೂ ಕೈಗಳನ್ನು ತಲೆಗೆ ಅಡ್ಡ ಹಿಡಿದು, "ಹೊಡೀಬ್ಯಾಡಿ ಸಾಮಿ, ಎದ್ದೋಗ್ತೀವಿ" ಎಂದರು. ಹಿಂದೆ ಎಷ್ಟು ಸಲ ಯಾರ ಕೈಯಲ್ಲಿ ಹೊಡೆತ ತಿಂದಿದ್ದರೋ, ಕಣ್ಣು ಬಿಡುವ ಮೊದಲೇ ಆ ಮಾತು ಬಾಯಿಗೆ ಬಂದಿತ್ತು.

"ಹೊಡೆಯೋಕೆ ಬಂದಿಲ್ಲ ತಾತ, ಕಂಬಳಿ ತಂದಿದೀವಿ" ಎಂದು ಪಕ್ಕದಲ್ಲೇ ಕುಳಿತ ಮೇಲೂ ಅವರ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಮಲಗಿದ್ದ ಅಜ್ಜಿಯೂ ಎದ್ದು ಕುಳಿತರು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅವರು ತಮ್ಮ ಸೀರೆಯ ಸೆರಗಿನ ತುದಿಯನ್ನು ಗಂಡನ ಸೊಂಟಕ್ಕೆ ಸುತ್ತಿದ್ದ ಟವೆಲ್ಲಿಗೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದರು; ರಾತ್ರಿ ಯಾರಾದರೂ ಎಬ್ಬಿಸಿ ಓಡಿಸಿದರೆ ಕತ್ತಲಲ್ಲಿ ಗಂಡನಿಂದ ದೂರವಾಗಬಾರದು ಎಂಬುದಕ್ಕಾಗಿ. ಆ ಬಟ್ಟೆ ಎಳೆದು ಎಳೆದು, ಗಂಟು ಕಲ್ಲಿನಂತಾಗಿತ್ತು.

ಪಾವಗಡದ ಕಡೆಯವರು, ಮಾತಿನಲ್ಲಿ ತೆಲುಗು ಬೆರೆತಿತ್ತು. ಮೊದಲು ಸಿದ್ಧಗಂಗಾ ಮಠದ ದಾಸೋಹದಲ್ಲಿ ಊಟ ಮಾಡುತ್ತಿದ್ದವರು, ತಾತನ ಕಾಲು ಊರಲಾಗದಂತಾದ ಮೇಲೆ ಪೇಟೆಯೊಳಗೇ ಉಳಿದಿದ್ದರು. ನಾನು ಸಕ್ಕರೆ ಬೆರೆಸಿದ ಹಾಲಿನ ಲೋಟ ಚಾಚಿದಾಗ ಸಿಸ್ಟರ್ ನನ್ನ ಕೈ ತಡೆದು, ಮೊದಲು ಕಾಲಿನ ಬಟ್ಟೆ ಬಿಚ್ಚಿದರು. ಅಂಗಾಲಿನ ಹುಣ್ಣು ಕೊಳೆತು ವಾಸನೆ ಬರುತ್ತಿತ್ತು, ಕೆಂಪು ಮೀನಖಂಡದವರೆಗೆ ಏರಿತ್ತು, ಮೈ ಕಾದಿತ್ತು. ಆದರೂ ತಾತ ನೋವಿಲ್ಲ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮರಗಟ್ಟುವುದರಿಂದ ಮೊಳೆ ಚುಚ್ಚಿದರೂ ಗೊತ್ತಾಗದೆ, ಗೊತ್ತಾಗುವ ಹೊತ್ತಿಗೆ ಕಾಲನ್ನೇ ತೆಗೆಯಬೇಕಾಗುವ ಸ್ಥಿತಿ ಬರಬಹುದು ಎಂದು ಸಿಸ್ಟರ್ ನಮಗೆ ತಗ್ಗಿದ ದನಿಯಲ್ಲಿ ಹೇಳಿದರು.

ಇದಕ್ಕೂ ಮೊದಲು ನಾನು ಅವರನ್ನು ಆಶ್ರಯ ಕೇಂದ್ರಕ್ಕೆ ಕರೆದೊಯ್ಯುವ ಮಾತೆತ್ತಿದ್ದೆ. "ಇಬ್ರನ್ನೂ ಒಂದೇ ಕಡೆ ಮಲಗಿಸ್ತಾರೇನಪ್ಪಾ?" ಎಂದು ಅಜ್ಜಿ ಕೇಳಿದರು. ಕೇಂದ್ರವೊಂದಕ್ಕೆ ಫೋನ್ ಮಾಡಿದರೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಎಂಬ ಉತ್ತರ ಬಂತು. ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಹಗಲಿರುಳೂ ತೆರೆದಿರುವ ಒಂದು ಆಶ್ರಯ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಕುಟುಂಬಗಳಿಗೂ ಪ್ರತ್ಯೇಕ ಆಶ್ರಯದ ಮಾತಿದೆ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿಯನ್ನು ಮನೆಯಿಲ್ಲದವರೆಂದು ಎಣಿಸಿತು. ಅವರಲ್ಲಿ ಗಂಡ ಹೆಂಡಿರೂ ಇರುತ್ತಾರೆ ಎಂಬುದು ಕಟ್ಟಡ ಕಟ್ಟುವವರಿಗೆ ಹೊಳೆಯದಿರುವುದು ನನಗೆ ಇವತ್ತಿಗೂ ಸಂಕಟ ತರುತ್ತದೆ. ಆಶ್ರಯಕ್ಕೆ ಬರಲೊಪ್ಪದವರನ್ನು ಹಟಮಾರಿಗಳೆಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೆ.

ಸಿಸ್ಟರ್ ಸಲೈನಿನಿಂದ ಗಾಯ ತೊಳೆದು ಪಟ್ಟಿ ಸುತ್ತುವಾಗಲೂ ಅಜ್ಜಿ ಗಂಟು ಬಿಚ್ಚಗೊಡಲಿಲ್ಲ. ಅದು ಇದ್ದ ಹಾಗೆಯೇ ಕೆಲಸ ಮುಗಿಯಿತು. 108ಕ್ಕೆ ಕರೆ ಮಾಡಿದೆವು. ಸ್ಟ್ರೆಚರ್ ಎತ್ತುವಾಗ ಸೆರಗು ಬಿಗಿದು ಅಜ್ಜಿ ಮುಂದಕ್ಕೆ ವಾಲಿದರು. ಆಂಬುಲೆನ್ಸಿನ ಹುಡುಗ ಗಂಟಿಗೆ ಕೈ ಹಾಕಿದಾಗ ಸಿಸ್ಟರ್, "ಬಿಡಪ್ಪಾ, ಅವರೂ ಬರ್ತಾರೆ, ರೋಗಿ ಕಡೆಯವರು" ಎಂದು ಅಜ್ಜಿಯ ರಟ್ಟೆ ಹಿಡಿದು ಹತ್ತಿಸಿ, ತಾವೂ ಹತ್ತಿಕೊಂಡರು.

ತಾತನನ್ನು ದಾಖಲು ಮಾಡಿಕೊಂಡರೆಂದೂ ಮಂಚದ ಪಕ್ಕದಲ್ಲೇ ಅಜ್ಜಿಗೂ ಚಾಪೆ ಹಾಸಿದ್ದಾರೆಂದೂ ಸಿಸ್ಟರ್ ಫೋನ್ ಮಾಡಿದಾಗ ಮೂರು ಗಂಟೆಯಾಗಿತ್ತು. ನಾನು ಆಗ ರೈಲು ನಿಲ್ದಾಣದ ಎದುರು, ಉಳಿದಿದ್ದ ಎರಡು ಕಂಬಳಿ ಹಿಡಿದು, ಮಲಗಿದ್ದ ಒಬ್ಬರ ಕಾಲಿನ ಕಡೆ ನಿಂತಿದ್ದೆ. ಟಾರ್ಚು ಜೇಬಿನಲ್ಲಿತ್ತು.