ಧಾರೆಯ ಹೊತ್ತಿಗೆ ಚಿನ್ನಸ್ವಾಮಿ ಸ್ಟೇಡಿಯಂ

ಕಳೆದ ಡಿಸೆಂಬರ್‌ನಲ್ಲಿ ಕುಂದಾಪುರದ ಮನೆಯ ಅಟ್ಟ ಖಾಲಿ ಮಾಡುವಾಗ ಬಿಸ್ಕೆಟ್ ಡಬ್ಬದಂಥ ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ ಆರು ವಿಡಿಯೋ ಕ್ಯಾಸೆಟ್ ಸಿಕ್ಕಿದವು. ಅಕ್ಕನ ಮದುವೆ, ಉಪನಯನ ಒಂದು, ಚಿಕ್ಕಪ್ಪ ಮಸ್ಕತ್‌ನಿಂದ ತಂದ ಇಂಗ್ಲಿಷ್ ಸಿನಿಮಾ ಎರಡು, ಇನ್ನೆರಡರ ಮೇಲೆ ಚೀಟಿಯೇ ಇಲ್ಲ. ಅಮ್ಮ ನೋಡಿ, "ಅದನ್ನೆಲ್ಲ ಹೇಗಾದ್ರೂ ಮಾಡಿ ಮೊಬೈಲ್‌ಗೆ ಹಾಕಿಕೊಡು, ಅಮ್ಮಮ್ಮ ಮಾತಾಡೋದು ಒಂದ್ಸಲ ಕೇಳ್ಬೇಕು" ಅಂದಳು. ಅಮ್ಮಮ್ಮ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರ ಫೋಟೋ ಇದೆ, ಧ್ವನಿ ಎಲ್ಲೂ ಇಲ್ಲ.

ನಾನು ಹೂಂ ಅಂದೆ. ಆದರೆ ಹೊಟ್ಟೆಯೊಳಗೆ ಒಂಥರಾ ಆಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಉಪನಯನದ ಕ್ಯಾಸೆಟ್ಟನ್ನು ಬೆಂಗಳೂರಿನಲ್ಲಿ ಒಂದು ಸ್ಟುಡಿಯೋಗೆ ಕೊಟ್ಟೆ. ಹತ್ತು ದಿನ ಬಿಟ್ಟು ಒಂದು ಡಿವಿಡಿ ಕೊಟ್ಟರು. ಹಾಕಿ ನೋಡಿದರೆ ಎಲ್ಲರೂ ಕುಂಬಳಕಾಯಿಯ ಹಾಗೆ ಅಡ್ಡಕ್ಕೆ ಊದಿಕೊಂಡಿದ್ದಾರೆ. ಹಳೆಯ ಟೀವಿಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ಅದನ್ನು ಈಗಿನ ಅಗಲ ಟೀವಿಗೆ ಸರಿಹೋಗಲಿ ಅಂತ ಎಳೆದಿದ್ದಾರೆ. ಅಪ್ಪ ಬದುಕಿದ್ದಾಗ ಕಡ್ಡಿ ಥರ ಇದ್ದವರು, ಡಿವಿಡಿಯಲ್ಲಿ ಪೈಲ್ವಾನ. ಮದುವೆ ಕ್ಯಾಸೆಟ್ ಇವರ ಕೈಗೆ ಬೇಡ, ನಾನೇ ಮಾಡುತ್ತೇನೆ ಅಂದುಕೊಂಡೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಈ ವಿಷಯದಲ್ಲಿ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಧೈರ್ಯ ಜಾಸ್ತಿ ಇತ್ತು.

ಕ್ಯಾಸೆಟ್ ಹಾಕಿ ನೋಡುವ ವಿಸಿಆರ್ ಹುಡುಕುವುದೇ ಒಂದು ಕಥೆ. ಚಿಕ್ಕಪ್ಪ ತಂದಿದ್ದು 1996ರ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟುಹೋಗಿತ್ತು. ರಿಪೇರಿ ಮಾಡಿಸೋಣ ಮಾಡಿಸೋಣ ಅನ್ನುತ್ತಲೇ ವಿಸಿಡಿ ಬಂತು, ಆಮೇಲೆ ಡಿವಿಡಿ ಬಂತು, ಆಮೇಲೆ ಯಾರಿಗೂ ಬೇಡವಾಯಿತು. ಹೊಸದು ಎಲ್ಲೂ ಸಿಗುವುದಿಲ್ಲ. ಕೊನೆಯವರೆಗೆ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸಿಬಿಟ್ಟಿತು. ಕೊನೆಗೆ ಎಸ್‌.ಪಿ. ರೋಡಿನ ಒಳಗಲ್ಲಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಎರಡು ಸೆಟ್ ಕೊಟ್ಟರು, ಬೆಲ್ಟ್ ಹೊಸದು ಹಾಕಿ. "ಒಂದು ನೋಡಕ್ಕೆ, ಒಂದು ಕೆಡಿಸಕ್ಕೆ" ಅಂದರು. ತಮಾಷೆ ಅಂದುಕೊಂಡಿದ್ದೆ.

ತಮಾಷೆಯಲ್ಲ. ಮದುವೆ ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಟೇಪಿನ ಸುರುಳಿಯ ಮೇಲೆ ಬಿಳಿ ಚುಕ್ಕೆಗಳು ಕಂಡವು. ಬೂಷ್ಟು. ನಮ್ಮ ಕರಾವಳಿಯ ಮಳೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಹಿಡಿಯುವ ಅದೇ ಬೂಷ್ಟು. ಇಂಥದ್ದನ್ನು ಹಾಗೇ ವಿಸಿಆರ್‌ಗೆ ಹಾಕಬಾರದು. ಒಳಗೆ ಟೇಪನ್ನು ಓದುವ ಹೆಡ್ ಇರುವ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಟೇಪು ಅದಕ್ಕೆ ಒರಸಿಕೊಂಡೇ ಹೋಗುತ್ತದೆ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡರೆ ಚಿತ್ರ ಹೋಗುತ್ತದೆ, ಮುಂದೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅಂಟುತ್ತದೆ. ಅದಕ್ಕೇ ಎರಡನೇ ಸೆಟ್. ಅದು ಬರೀ ಟೇಪು ಸುತ್ತುವುದಕ್ಕೆ.

ಒಂದು ಭಾನುವಾರ ಬಾಲ್ಕನಿಯಲ್ಲಿ ಕೂತೆ. ಮೂಗಿಗೆ ಮಾಸ್ಕ್. ಕೊರೊನಾ ಕಾಲದ್ದು ಒಂದು ಕಟ್ಟು ಇನ್ನೂ ಉಳಿದಿತ್ತು. ಕೆಡಿಸುವ ಸೆಟ್ಟಿನ ಮೇಲಿನ ಮುಚ್ಚಳ ಬಿಚ್ಚಿ, ಟೇಪು ಹಾಯುವ ದಾರಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯನ್ನು ಮೆತ್ತಗೆ ಹಿಡಿದುಕೊಂಡು ಸುತ್ತಿಸಿದೆ. ಬಟ್ಟೆ ಕಪ್ಪಾದರೆ ಬದಲಿಸುವುದು, ಮತ್ತೆ ಸುತ್ತಿಸುವುದು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು ಇರುತ್ತದೆ. ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ, ಅರ್ಧ ಕಿಲೋಮೀಟರ್ ಒರಸಿದ ಹಾಗಾಯಿತು. ಹೆಂಡತಿ ಕಾಫಿ ತಂದು, "ಮನೆ ನೆಲ ಒಂದಿನವಾದ್ರೂ ಇಷ್ಟು ಪ್ರೀತಿಯಿಂದ ಒರಸಿದ್ದೀರಾ?" ಅಂತ ಕೇಳಿ ಹೋದಳು.

ಟೇಪು ಪೂರ್ತಿ ಒಣಗಲಿ ಅಂತ ಎರಡು ದಿನ ಬಿಟ್ಟೆ. ಆ ಎರಡು ದಿನ ಕ್ಯಾಸೆಟ್ಟಿನ ಬೆನ್ನಿನ ಕಡೆ ನೋಡುತ್ತಿದ್ದೆ. ಅಲ್ಲಿ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಮುರಿದರೆ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ. ಮುರಿದಿತ್ತು. ಮುರಿದ ತೂತಿನ ಸುತ್ತ ಹಳದಿಗಟ್ಟಿದ ಅಂಟಿನ ಕಲೆ. ಸೆಲ್ಲೋಟೇಪಿನದು. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಅದನ್ನು ಅಂಟಿಸಿದ್ದು ನಾನು.

1996ರ ಮಾರ್ಚ್ 9, ಶನಿವಾರ. ಬೆಂಗಳೂರಿನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ನನಗೆ ಹನ್ನೆರಡು ವರ್ಷ. ಸಿಧು 93 ಹೊಡೆದು, ಕೊನೆಯಲ್ಲಿ ಜಡೇಜ 25 ಬಾಲಿಗೆ 45 ಬಾರಿಸಿ 287 ಆಗಿತ್ತು. (ಅಜಯ್ ಜಡೇಜ. ನನ್ನ ಮಗನಿಗೆ ಇದನ್ನು ಪ್ರತಿ ಸಲ ಹೇಳಬೇಕು.) ಗೆಲ್ಲುತ್ತೇವೆ ಅಂತ ಅನ್ನಿಸಿತು, ಪಾಕಿಸ್ತಾನದ ಬ್ಯಾಟಿಂಗ್ ರೆಕಾರ್ಡ್ ಮಾಡಿಕೊಳ್ಳಬೇಕು ಅನ್ನಿಸಿತು. ಖಾಲಿ ಕ್ಯಾಸೆಟ್ ಇರಲಿಲ್ಲ. ಚೀಟಿ ಬಿದ್ದುಹೋದ ಒಂದು ಕೈಗೆ ಸಿಕ್ಕಿತು. ಚೂರು ಮುರಿದಿದೆ ಅಂದರೆ ಯಾರೋ ಬೇಕೆಂದೇ ಮುರಿದಿದ್ದಾರೆ ಅಂತ ಗೊತ್ತಾಗದಷ್ಟು ದಡ್ಡನಾಗಿರಲಿಲ್ಲ ನಾನು. ಗೊತ್ತಿತ್ತು. ಸಿನಿಮಾ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ, ಅಷ್ಟೇ. ಮಾರನೇ ದಿನ ಹಾಕಿ ನೋಡಿದಾಗ ಮ್ಯಾಚಿನ ಹಿಂದೆ ಅಕ್ಕನ ಸೀರೆ ಕಂಡಿತು. ಸೆಲ್ಲೋಟೇಪು ಕಿತ್ತು, ಕ್ಯಾಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು, ಯಾರಿಗೂ ಹೇಳಲಿಲ್ಲ. ಜೂನ್‌ನಲ್ಲಿ ಸಿಡಿಲು ಹೊಡೆದಾಗ ಮನೆಯಲ್ಲಿ ನೆಮ್ಮದಿಯಾಗಿದ್ದವನು ನಾನೊಬ್ಬನೇ.

ಈಗ ಕಂಪ್ಯೂಟರಿಗೆ ಹಾಕುವ ಹೊತ್ತು. ವಿಸಿಆರ್ ಹಿಂದಿನ ಹಳದಿ ಪಿನ್ ಚಿತ್ರಕ್ಕೆ, ಬಿಳಿ ಪಿನ್ ಧ್ವನಿಗೆ. ಅವೆರಡನ್ನೂ ಯುಎಸ್‌ಬಿಗೆ ಜೋಡಿಸುವ ಒಂದು ಸಣ್ಣ ಕಡ್ಡಿ. ಮೊದಲ ಸಲ ಚಿತ್ರ ಕಪ್ಪು ಬಿಳುಪಾಗಿ ಮೇಲಕ್ಕೂ ಕೆಳಕ್ಕೂ ಉರುಳಿತು. ಟೇಪೇ ಹಾಳಾಗಿದೆ ಅಂತ ಎದೆ ಧಸಕ್ಕೆಂದಿತು. ಆಗಿದ್ದಿಷ್ಟೇ, ಸೆಟ್ಟಿಂಗಿನಲ್ಲಿ ಅಮೆರಿಕದ ಟೀವಿ ಪದ್ಧತಿ ಎನ್‌ಟಿಎಸ್‌ಸಿ ಇತ್ತು. ನಮ್ಮದು ಪಾಲ್. ಬದಲಿಸಿದ ಕೂಡಲೇ ಬಣ್ಣ ಬಂತು. ಇನ್ನೊಂದು ವಿಷಯ, ಇದರಲ್ಲಿ ಬೇಗ ಮುಗಿಸುವ ದಾರಿಯೇ ಇಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ ಕೂರಬೇಕು. ಗುಣಮಟ್ಟ ಕಳೆಯದ ಹಾಗೆ ಇಳಿಸಿದರೆ ಗಂಟೆಗೆ ಸುಮಾರು 30 ಜಿಬಿ ತಿನ್ನುತ್ತದೆ. ಅದನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು, ಮನೆಯವರಿಗೆ ಕಳಿಸಲು ಬೇರೆ ಚಿಕ್ಕದು ಮಾಡಿದೆ.

ಕೂತು ನೋಡಿದೆ. 1994ರ ಮೇ ತಿಂಗಳು. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಪಕ್ಕದಲ್ಲಿ ಲೈಟ್ ಹಿಡಿದ ಹುಡುಗ. ಆ ಲೈಟಿನ ಬಿಸಿಗೆ ಎಲ್ಲರೂ ಬೆವರುತ್ತಿದ್ದಾರೆ, ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಚಪ್ಪರದಲ್ಲಿ ಅಪ್ಪ ಓಡಾಡುತ್ತಿದ್ದಾರೆ, ಕಡ್ಡಿ ಥರವೇ. ಆದರೆ ಯಾರ ಮಾತೂ ಕೇಳುವುದಿಲ್ಲ! ಎಡಿಟಿಂಗ್ ಮಾಡಿದವರು ಪೂರ್ತಿ ಸಿನಿಮಾ ಹಾಡು ಹಾಕಿದ್ದಾರೆ. ವಾಲಗ ಇಲ್ಲ, ಮಂತ್ರ ಇಲ್ಲ. ಅಮ್ಮಮ್ಮ ಬಾಯಿ ಆಡಿಸುತ್ತಾರೆ, ಹೊರಗೆ ಬರುವುದು ಪ್ರೇಮಗೀತೆ. ಅಕ್ಕನ ಮುಖ ಒಂದು ಹೃದಯದೊಳಗೆ, ಭಾವನದು ಇನ್ನೊಂದರಲ್ಲಿ, ಎರಡೂ ತಿರುಗುತ್ತಾ ಬಂದು ಕೂಡಿಕೊಳ್ಳುತ್ತವೆ. ಅಂತರಪಟ ಹಿಡಿದರು. ಜೀರಿಗೆ ಬೆಲ್ಲ ಕೈಯಲ್ಲಿದೆ.

ಒಂದು ಪಟ್ಟೆ ಓಡಿತು. ಚಿನ್ನಸ್ವಾಮಿ ಸ್ಟೇಡಿಯಂ, ಹೊನಲು ಬೆಳಕು, ಸಯೀದ್ ಅನ್ವರ್.

ಮ್ಯಾಚ್ ಮುಕ್ಕಾಲು ಗಂಟೆ ಇದೆ. ಅನ್ವರ್ 48ಕ್ಕೆ ಔಟಾಗುತ್ತಾನೆ, ನಮ್ಮ ಶ್ರೀನಾಥ್ ಬೌಲಿಂಗು, ನಮ್ಮ ಕುಂಬ್ಳೆ ಕ್ಯಾಚು. ಸೊಹೇಲ್ ಬಾರಿಸುತ್ತಿದ್ದಾನೆ. ಅಷ್ಟರಲ್ಲಿ ಕಟ್. ಆಗ ನೆನಪಾಯಿತು. ಅವತ್ತು ಕರೆಂಟು ಹೋಗಿತ್ತು. ವೆಂಕಟೇಶ್ ಪ್ರಸಾದ್ ಸೊಹೇಲ್‌ನ ಸ್ಟಂಪ್ ಎಬ್ಬಿಸಿದ್ದನ್ನು ನಾವು ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ್ದು. ಅಂದರೆ ಅಕ್ಕನ ಧಾರೆ ಅಳಿಸಿ ನಾನು ಉಳಿಸಿಕೊಂಡಿದ್ದು ಎಲ್ಲರೂ ಇವತ್ತಿಗೂ ನೆನೆಯುವ ಆ ಬಾಲ್ ಕೂಡ ಅಲ್ಲ.

ಕಟ್ ಆದ ಮೇಲೆ ಊಟದ ಪಂಕ್ತಿ. ಬಾಳೆಲೆ, ಪಾಯಸದ ಬಕೆಟ್ಟು. ಇಲ್ಲಿಗೆ ಬರುವಾಗ ಎಡಿಟಿಂಗ್‌ನವರಿಗೂ ಸಾಕಾಗಿರಬೇಕು, ಹಾಡು ಹಾಕಿಲ್ಲ. ಪಂಕ್ತಿಯ ಗೌಜಿ ಇದ್ದ ಹಾಗೇ ಇದೆ. ವಿಸಿಆರ್ ಟೇಪಿನಲ್ಲಿ ಧ್ವನಿ ಅಂಚಿನ ಒಂದು ಸಣ್ಣ ಪಟ್ಟಿಯಲ್ಲಿ ಇರುತ್ತದೆ, ಬೂಷ್ಟು ಮೊದಲು ತಿನ್ನುವುದೂ ಅಂಚನ್ನೇ. ಹಾಗಾಗಿ ಶಬ್ದ ಮಸುಕು, ನಡುನಡುವೆ ಮುಳುಗುತ್ತದೆ. ಇಯರ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿದೆ. ಕ್ಯಾಮೆರಾ ಅಮ್ಮಮ್ಮನ ಎಲೆಯ ಮುಂದೆ ನಿಂತಿದೆ. ಅವರು ಕೈ ಅಡ್ಡ ಹಿಡಿದು ಹೇಳುತ್ತಾರೆ: "ಆ ಲೈಟ್ ಆಚಿ ಹಿಡಿ ಮಾರಾಯ, ಕಣ್ಣೇ ಕಾಂತಿಲ್ಲೆ!"

ಅಮ್ಮನಿಗೆ ಅಷ್ಟು ಭಾಗ ಕತ್ತರಿಸಿ ಕಳಿಸಿದೆ. ಒಂಬತ್ತು ಸೆಕೆಂಡು. ಅಮ್ಮ ಏನೂ ಬರೆಯಲಿಲ್ಲ. ಆದರೆ ರಾತ್ರಿ ಫೋನ್ ಮಾಡಿದಾಗ ಹಿಂದೆ ಅದೇ ಕೇಳುತ್ತಿತ್ತು, ಲೈಟ್ ಆಚಿ ಹಿಡಿ, ಲೈಟ್ ಆಚಿ ಹಿಡಿ.

ಅಕ್ಕನಿಗೆ ಹೇಳಲು ಒಂದು ವಾರ ಬೇಕಾಯಿತು. ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿದೆ, ಸೆಲ್ಲೋಟೇಪಿನ ವಿಷಯವೂ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೂವತ್ತು ವರ್ಷ ಹೊಟ್ಟೆಯಲ್ಲಿ ಇಟ್ಕೊಂಡಿದ್ದೆಯಲ್ಲ ಮಾರಾಯ" ಅಂದಳು. ಬೈದಳೋ ಪಾಪ ಅಂದಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಭಾವ ತಲೆ ಹಾಕಿದರು.

"ಪ್ರಸಾದ್ ಸೊಹೇಲ್‌ನ ಔಟ್ ಮಾಡಿದ್ದು ಇದೆಯಾ ಅದ್ರಲ್ಲಿ?"

"ಇಲ್ಲ ಭಾವ. ಕರೆಂಟ್ ಹೋಗಿತ್ತು."

"ಥೋ," ಅಂದರು ಭಾವ. ಅವರಿಗೆ ನಿಜವಾಗಿ ಬೇಜಾರಾಗಿದ್ದು ಆಗಲೇ.

ಚೀಟಿಯಿಲ್ಲದ ಎರಡು ಕ್ಯಾಸೆಟ್ ಇನ್ನೂ ಹಾಗೇ ಇವೆ. ಅವುಗಳ ಚೂರು ಮುರಿದಿಲ್ಲ, ನೋಡಿಕೊಂಡಿದ್ದೇನೆ.